ಮಾತಿನಿಂದ ಹೊಡೆತಕ್ಕೆ: ಕೆಲವು ಇಂಗ್ಲಿಷ್ ನುಡಿಗಟ್ಟುಗಳ ಚರಿತ್ರೆ

ವಾದವು ಮಿತಿಮೀರಿ ಹೊಡೆದಾಟವಾದಾಗ ನಾವು ‘ಕೈಕೈ ಮಿಲಾಯಿಸಿದರು’ ಎನ್ನುತ್ತೇವೆ. ಇಂಗ್ಲಿಷರು ವಾದವು ‘ಹೊಡೆತಗಳಿಗೆ ಬಂದಿತು’ ಎನ್ನುತ್ತಾರೆ. ಇಂತಹ ನುಡಿಗಟ್ಟುಗಳನ್ನು ಕೇವಲ ಮಾತಿನ ಅಲಂಕಾರವೆಂದು ಬಗೆಯುವುದು ವಾಡಿಕೆ. ಆದರೆ ಕಲಹಗಳ ತೀರ್ಮಾನಕ್ಕಾಗಿ ಒಂದು ಸಮಾಜವು ಮಾಡಿಕೊಂಡಿದ್ದ ಏರ್ಪಾಡುಗಳಿಗೆ ಅವು ಸಾಕ್ಷ್ಯಗಳೂ ಆಗಿವೆ.

ಮೇಲಿನ ಇಂಗ್ಲಿಷ್ ನುಡಿಗಟ್ಟು ಥಾಮಸ್ ಹಾಬ್ಸನು 1651ರಲ್ಲಿ ಪ್ರಕಟಿಸಿದ ‘ಲೆವಯಥನ್’ ಗ್ರಂಥದಲ್ಲಿಯೇ ದೊರೆಯುತ್ತದೆ. 1642ರಲ್ಲಿ ಆರಂಭವಾದ ಅಂತರ್ಯುದ್ಧವು ಆ ಗ್ರಂಥದ ಹಿನ್ನೆಲೆ. ಉಭಯರಿಗೂ ಒಪ್ಪಿಗೆಯಾದ ಮಧ್ಯಸ್ಥನಿಲ್ಲದಿದ್ದರೆ ವಾದವು ಹೊಡೆತಕ್ಕೆ ಬರಬೇಕು, ಇಲ್ಲವೆ ತೀರ್ಮಾನವಾಗದೆ ಉಳಿಯಬೇಕು ಎಂಬುದು ಅವನ ಅಭಿಪ್ರಾಯ.

ಆದರೆ ಮಧ್ಯಸ್ಥನ ಸ್ಥಾನದಲ್ಲಿದ್ದ ನ್ಯಾಯಾಲಯವೇ ಹೊಡೆತಕ್ಕೆ ಎಡೆಗೊಟ್ಟ ಪ್ರಸಂಗವೂ ಉಂಟು. ಕೊಲೆಯ ಆರೋಪದಿಂದ 1817ರಲ್ಲಿ ಬಿಡುಗಡೆ ಹೊಂದಿದ್ದ ಏಬ್ರಹಾಂ ಥಾರ್ನ್‌ಟನ್ ಎಂಬವನ ಮೇಲೆ ಮೃತಳ ಸೋದರನು ಪ್ರಾಚೀನ ವಿಧಿಯೊಂದನ್ನು ಆಧರಿಸಿ ಮತ್ತೆ ದೂರಿತ್ತನು. ಥಾರ್ನ್‌ಟನ್ನನು ಇನ್ನೊಂದು ಪ್ರಾಚೀನ ವಿಧಿಯನ್ನು ಹಿಡಿದು, ‘ಕಿಂಗ್ಸ್ ಬೆಂಚ್’ ನ್ಯಾಯಾಲಯದಲ್ಲಿ ಕೈಗವಸನ್ನು ನೆಲಕ್ಕೆಸೆದು ದ್ವಂದ್ವಯುದ್ಧಕ್ಕೆ ಆಹ್ವಾನವಿತ್ತನು. ಅವನಿಗೆ ಆ ಹಕ್ಕು ಉಂಟೆಂದು ನ್ಯಾಯಾಧೀಶರು 1818ರಲ್ಲಿ ನಿರ್ಣಯಿಸಿದರು. ಎದುರಾಳಿಯು ಕಾಳಗಕ್ಕೆ ಇಳಿಯದುದರಿಂದ ಥಾರ್ನ್‌ಟನ್ನನು ಮುಕ್ತನಾದನು. 1819ರಲ್ಲಿ ಪಾರ್ಲಿಮೆಂಟು ಆ ಎರಡು ವಿಧಿಗಳನ್ನೂ ರದ್ದುಗೊಳಿಸಿತು. ಆಚರಣೆ ಅಳಿಯಿತು, ‘ಕೈಗವಸನ್ನೆಸೆಯುವುದು’ ಎಂಬ ಮಾತು ಸವಾಲೊಡ್ಡುವುದೆಂಬ ಅರ್ಥದಲ್ಲಿ ಉಳಿಯಿತು.

ನ್ಯಾಯಾಲಯದ ಹೊರಗಿನ ದ್ವಂದ್ವವಾದರೋ ಒಡನೆಯೇ ನಿಲ್ಲಲಿಲ್ಲ. ಕ್ಯಾಥೊಲಿಕರಿಗೆ ರಾಜಕೀಯ ಹಕ್ಕುಗಳನ್ನು ಕೊಡುವ ವಿಷಯದಲ್ಲಿ ವಿವಾದವೆದ್ದು, ಪ್ರಧಾನಮಂತ್ರಿಯಾಗಿದ್ದ ವೆಲಿಂಗ್ಟನ್ನನೇ 1829ರ ಮಾರ್ಚ್ 21ರಂದು ವಿಂಚಿಲ್ಸಿಯ ಅರ್ಲನೆದುರು ಪಿಸ್ತೂಲು ಹಿಡಿದು ನಿಂತನು. ಇಬ್ಬರಿಗೂ ಗಾಯವಾಗಲಿಲ್ಲ, ಅರ್ಲನು ಲಿಖಿತ ಕ್ಷಮಾಪಣೆಯನ್ನಿತ್ತನು.

ಮುಷ್ಟಿಯುದ್ಧಕ್ಕೂ ಕಟ್ಟುಪಾಡುಗಳಿದ್ದವು. ಬಿದ್ದವನನ್ನು ಹೊಡೆಯಬಾರದು, ಸೊಂಟದಿಂದ ಕೆಳಗೆ ಹಿಡಿಯಬಾರದು ಎಂದು ಜಾಕ್ ಬ್ರಾಟನ್ನನು 1743ರಲ್ಲಿಯೇ ನಿಯಮಿಸಿದ್ದನು. ಮುಷ್ಟಿಯುದ್ಧದ ನಿಷೇಧಗಳಿಂದಲೇ ‘ನಡುಪಟ್ಟಿಯ ಕೆಳಗಿನ ಹೊಡೆತ’ ಎಂಬ ಮಾತು ಚರ್ಚೆಯಲ್ಲಿ ನಡೆಯುವ ಅನ್ಯಾಯಕ್ಕೂ ಹೆಸರಾಯಿತು.

ಹೀಗೆ ನುಡಿಗಟ್ಟುಗಳ ಸಂಚಾರವು ಎರಡು ದಿಕ್ಕಿನದು. ಮಧ್ಯಸ್ಥನಿಲ್ಲದ ವಾದವು ಹೊಡೆತಕ್ಕೆ ಇಳಿಯುತ್ತದೆ. ನಿಯಮಕ್ಕೊಳಗಾದ ಹೊಡೆತವು ವಾದಕ್ಕೆ ತನ್ನ ಪರಿಭಾಷೆಯನ್ನು ಕೊಡುತ್ತದೆ. ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಈ ಮಾತುಗಳಲ್ಲಿ, ಕತ್ತಿಯನ್ನೂ ಮುಷ್ಟಿಯನ್ನೂ ಕಾನೂನಿನ ಅಧೀನಕ್ಕೆ ತರಲು ಒಂದು ಜನಾಂಗವು ಪಟ್ಟ ದೀರ್ಘ ಶ್ರಮದ ಗುರುತುಗಳಿವೆ. ಆ ಗುರುತುಗಳನ್ನು ಓದುವುದು ಭಾಷಾಭ್ಯಾಸ ಮಾತ್ರವಲ್ಲ, ಇತಿಹಾಸದ ಅಭ್ಯಾಸವೂ ಹೌದು.