ಬೀದಿದೀಪವೋ, ಸೆರೆಮನೆಯೋ?

ಕತ್ತಲೆಯ ಓಣಿಯಲ್ಲಿ ಕಳವು ಹೆಚ್ಚಿದರೆ ಮಾಡಬೇಕಾದುದೇನು? ಕಳ್ಳನಿಗೆ ಇನ್ನಷ್ಟು ಕಠಿಣ ಶಿಕ್ಷೆಯೆ, ಓಣಿಗೊಂದು ದೀಪವೆ? ದೀಪವೇ ಮೇಲೆಂದು ಸಾರಿದ ಪ್ರಾಧ್ಯಾಪಕನೊಬ್ಬ ಇಟಲಿಯಲ್ಲಿದ್ದ. ಅವನೇ ಎನ್ರಿಕೊ ಫೆರ್ರಿ. ಅಪರಾಧಶಾಸ್ತ್ರವನ್ನು ತರಗತಿಯಿಂದ ನ್ಯಾಯಾಲಯಕ್ಕೂ ಪತ್ರಿಕೆಗೂ ಕೊಂಡೊಯ್ದವರಲ್ಲಿ ಅವನು ಮೊದಲಿಗರ ಸಾಲಿನವನು.

1856ರಲ್ಲಿ ಮಾಂತುವಾ ಪ್ರಾಂತದಲ್ಲಿ ಹುಟ್ಟಿದ ಫೆರ್ರಿ ಬೊಲೊನ್ಯದಲ್ಲಿ ನ್ಯಾಯಶಾಸ್ತ್ರ ಓದಿದ. ಮನುಷ್ಯನಿಗೆ ಸ್ವತಂತ್ರವಾದ ಇಚ್ಛೆಯೇ ಇಲ್ಲವೆಂಬುದು 1878ರಲ್ಲಿ ಪ್ರಕಟವಾದ ಅವನ ಪ್ರಬಂಧದ ವಾದ. ತಲೆಬುರುಡೆಯ ಆಕಾರದಲ್ಲೇ ಪಾತಕಿಯ ಗುರುತು ಕಂಡೆನೆಂದ ಲೊಂಬ್ರೊಸೊ ಅವನಿಗೆ ಗುರುವಾದ. ಆದರೆ ಶಿಷ್ಯ ಎಲುಬಿಗೇ ನಿಲ್ಲಲಿಲ್ಲ. ಬಡತನ, ಹವೆ, ಕಾನೂನು ಎಲ್ಲವನ್ನೂ ಲೆಕ್ಕಕ್ಕೆ ತಂದ. ಸುಂಕ ಇಳಿಸಿದರೆ ಕಳ್ಳಸಾಗಣೆ ತಾನೇ ಇಳಿಯುತ್ತದೆ ಎಂದ. ಹೀಗಿದ್ದೂ 'ಹುಟ್ಟು ಅಪರಾಧಿ' ಎಂಬ ಹೆಸರನ್ನು ಚಲಾವಣೆಗೆ ತಂದವನೂ ಅವನೇ.

ವಾಗ್ಮಿಯೆಂದು ಅವನ ಕೀರ್ತಿ ಹಬ್ಬಿದ್ದು 1886ರಲ್ಲಿ. ದಂಗೆಯ ಆಪಾದನೆ ಹೊತ್ತಿದ್ದ ಮಾಂತುವಾದ ರೈತರ ಪರವಾಗಿ ವೆನಿಸ್ ನ್ಯಾಯಾಲಯದಲ್ಲಿ ಅವನು ವಾದಿಸಿದ. ಅವರು ಬಿಡುಗಡೆ ಹೊಂದಿದರು. ಅದೇ ವರ್ಷ ಪಾರ್ಲಿಮೆಂಟಿಗೆ ಆರಿಸಿಬಂದ. ಮುಂದೆ ಸಮಾಜವಾದಿಯಾಗಿ, 1903ರಿಂದ 1908ರವರೆಗೆ 'ಅವಾಂತಿ' ಪತ್ರಿಕೆಯ ಸಂಪಾದಕನಾದ. ನೌಕಾಮಂತ್ರಿಯ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿ ಬರೆದು, ಮಾನನಷ್ಟದ ಮೊಕದ್ದಮೆಯಲ್ಲಿ ತಾನೇ ತಪ್ಪಿತಸ್ಥನೆನಿಸಿಕೊಂಡ!

ಆದರೆ ಅವನ ಸಿದ್ಧಾಂತದಲ್ಲಿ ಒಂದು ಅಪಾಯ ಅಡಗಿತ್ತು. ಅಪರಾಧಿ ಸ್ವತಂತ್ರನಲ್ಲವಾದರೆ ಅವನಲ್ಲಿ ಪಾಪವಿಲ್ಲ. ಪಾಪವಿಲ್ಲವೆಂದಾಗ ಸೇಡಿನ ಶಿಕ್ಷೆ ಹೋಗುತ್ತದೆ, ನಿಜ. ಪಾಪಕ್ಕೆ ತಕ್ಕಷ್ಟೇ ಶಿಕ್ಷೆ ಎಂಬ ಎಲ್ಲೆಯೂ ಅದರೊಡನೆ ಹೋಗುತ್ತದೆ. ಮತ್ತೆ ಉಳಿಯುವುದು, ಈ ಮನುಷ್ಯ ಸಮಾಜಕ್ಕೆ ಎಷ್ಟು ಅಪಾಯಕಾರಿ ಎಂಬ ಒಂದೇ ಪ್ರಶ್ನೆ. ಫೆರ್ರಿಯ ನೇತೃತ್ವದಲ್ಲಿ 1921ರಲ್ಲಿ ಸಿದ್ಧವಾದ ದಂಡಸಂಹಿತೆಯ ಕರಡು ಈ ಪ್ರಶ್ನೆಯನ್ನೇ ತಳಹದಿ ಮಾಡಿಕೊಂಡು, ಅವಧಿ ಖಚಿತವಿಲ್ಲದ ಬಂಧನಕ್ಕೂ ಎಡೆಗೊಟ್ಟಿತು. ಅದು ಕಾನೂನಾಗಲಿಲ್ಲ.

ಕಡೆಗಾಲದಲ್ಲಿ ಫೆರ್ರಿ, ಒಮ್ಮೆ ತನ್ನಂತೆಯೇ 'ಅವಾಂತಿ'ಯ ಸಂಪಾದಕನಾಗಿದ್ದ ಮುಸ್ಸೊಲಿನಿಯನ್ನು ಬೆಂಬಲಿಸಿದ. 1929ರಲ್ಲಿ ತೀರಿಕೊಂಡ. ಮರುವರ್ಷ ಬಂದ ಫ್ಯಾಸಿಸ್ಟ್ ದಂಡಸಂಹಿತೆ ಹಳೆಯ ಶಿಕ್ಷೆಗಳನ್ನು ಹಾಗೆಯೇ ಉಳಿಸಿಕೊಂಡು, 'ಅಪಾಯಕಾರಿ'ಗಳನ್ನು ಬಂಧಿಸಿಡುವ ಉಪಾಯವನ್ನೂ ಜೊತೆಗೆ ಸೇರಿಸಿಕೊಂಡಿತು.

ಪಂಡಿತನ ಮಾತುಗಳಲ್ಲಿ ತನಗೆ ಬೇಕಾದುದನ್ನು ಅಧಿಕಾರ ಹೆಕ್ಕಿಕೊಳ್ಳುತ್ತದೆ. ದೀಪ ಹಚ್ಚಲು ಹಣ ಬೇಕು, ತಾಳ್ಮೆ ಬೇಕು. 'ಇವನು ಹುಟ್ಟಿದ್ದೇ ಹೀಗೆ' ಎಂದು ಬಾಗಿಲು ಹಾಕಲು ಒಂದು ಬೀಗ ಸಾಕು. ಇಂದಿಗೂ ಪಾತಕದ ಸುದ್ದಿ ಓದಿದಾಗ ನಮ್ಮ ಬಾಯಿಗೆ ಮೊದಲು ಬರುವುದು ಫೆರ್ರಿಯ ಯಾವ ಮಾತು? ಓದುಗರು ತಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು.