ಟೋಕಿಯೊದ ಫೆಬ್ರವರಿ: ಖಾಸಗಿ ಶಾಲಾ ಪ್ರವೇಶ ಮತ್ತು ಹೆತ್ತವರ ಕಾಯುವಿಕೆಯ ಇತಿಹಾಸ

ಜಪಾನಿನಲ್ಲಿ ಆರು ವರ್ಷದ ಪ್ರಾಥಮಿಕ ಶಿಕ್ಷಣದ ನಂತರದ ಮೂರು ವರ್ಷದ ಮಾಧ್ಯಮಿಕ ಶಾಲೆಯೂ ಕಡ್ಡಾಯ ಶಿಕ್ಷಣಕ್ಕೇ ಸೇರಿರುವುದರಿಂದ, ಹನ್ನೆರಡು ವರ್ಷದ ಮಗುವೊಂದು ಮನೆಯ ಸಮೀಪದ ಸರ್ಕಾರಿ ಶಾಲೆಗೆ ಸೇರಲು ಪರೀಕ್ಷೆ ಬರೆಯಬೇಕಿಲ್ಲ, ಬೋಧನಾ ಶುಲ್ಕ ಕಟ್ಟಬೇಕಿಲ್ಲ, ಯಾರ ಉತ್ತರಕ್ಕೂ ಕಾಯಬೇಕಿಲ್ಲ. ಹಾಗಿದ್ದೂ ಟೋಕಿಯೊ ಮಹಾನಗರದಲ್ಲಿ ಪ್ರಾಥಮಿಕ ಶಾಲೆ ಮುಗಿಸುವ ಐವರು ಮಕ್ಕಳಲ್ಲಿ ಸುಮಾರು ಒಬ್ಬರು ಖಾಸಗಿ ಮಾಧ್ಯಮಿಕ ಶಾಲೆಗೆ ಹೋಗುತ್ತಾರೆ. ಆ ಶಾಲೆಗಳ ಪ್ರವೇಶ ಪರೀಕ್ಷೆಗಳು ಪ್ರತಿವರ್ಷ ಫೆಬ್ರವರಿ 1ರಂದು ಆರಂಭವಾಗಿ ನಾಲ್ಕೈದು ದಿನಗಳಲ್ಲಿ ಬಹುಮಟ್ಟಿಗೆ ಮುಗಿದುಹೋಗುತ್ತವೆ. ಮೂರು ವರ್ಷಗಳ ತಯಾರಿಯ ಫಲ ಈ ಕೆಲವೇ ದಿನಗಳಲ್ಲಿ ತಿಳಿಯಬೇಕಾಗಿರುವ ಕಾರಣ, ಆ ವಾರದಲ್ಲಿ ತಂದೆತಾಯಿಗಳು ಅನುಭವಿಸುವ ಕಾಯುವಿಕೆ ಜಪಾನಿನ ನಗರಜೀವನದ ಒಂದು ಸ್ಥಿರ ಋತುಧರ್ಮವೇ ಆಗಿಬಿಟ್ಟಿದೆ. ಇದನ್ನು ಪುರಾತನ ಪದ್ಧತಿಯೆಂದಾಗಲಿ, ಪೂರ್ವ ಏಷ್ಯಾದ ಜನರ ಸ್ವಭಾವವೆಂದಾಗಲಿ ತಿಳಿಯುವುದು ಸುಲಭ. ಆದರೆ ದಾಖಲೆಗಳು ತೋರಿಸುವ ಚಿತ್ರ ಬೇರೆ: ಮಕ್ಕಳನ್ನು ಪರೀಕ್ಷೆಯ ಹೊರೆಯಿಂದ ಪಾರುಮಾಡಲೆಂದು ಸರ್ಕಾರ ಒಂದರ ಮೇಲೊಂದು ಸುಧಾರಣೆ ತಂದಂತೆಲ್ಲ ಪರೀಕ್ಷೆ ಇಲ್ಲವಾಗದೆ ಸ್ಥಳ ಬದಲಿಸಿತು, ಇನ್ನಷ್ಟು ಎಳೆಯ ವಯಸ್ಸಿಗೆ ಇಳಿಯಿತು ಮತ್ತು ಮಗುವಿನ ಹೆಗಲಿನಿಂದ ಹೆತ್ತವರ ಹೆಗಲಿಗೂ ಹಬ್ಬಿತು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾಧ್ಯಮಿಕ ಶಾಲೆ ಇಂದಿನದಕ್ಕಿಂತ ತೀರ ಭಿನ್ನವಾದ ಸಂಸ್ಥೆಯಾಗಿತ್ತು. ಅದು ಗಂಡುಮಕ್ಕಳಿಗೆ ಮಾತ್ರ ಮೀಸಲಾದ ಐದು ವರ್ಷದ ಶಾಲೆ. ಅಲ್ಲಿಂದ ಉನ್ನತ ಶಾಲೆಗೆ, ಉನ್ನತ ಶಾಲೆಯಿಂದ ಚಕ್ರಾಧಿಪತ್ಯದ ವಿಶ್ವವಿದ್ಯಾಲಯಕ್ಕೆ, ಅಲ್ಲಿಂದ ಸರ್ಕಾರಿ ಹುದ್ದೆಗೆ ದಾರಿ ತೆರೆಯುತ್ತಿತ್ತು. ಮೊದಲ ಮಹಾಯುದ್ಧದ ಹೊತ್ತಿನ ವ್ಯಾಪಾರದ ಏರಿಕೆಯಿಂದ ನಗರಗಳಲ್ಲಿ ಸಂಬಳದಾರರ ಒಂದು ವರ್ಗ ಬೆಳೆಯಿತು. ಹೊಲವನ್ನಾಗಲಿ ಅಂಗಡಿಯನ್ನಾಗಲಿ ಮಗನಿಗೆ ಬಿಟ್ಟುಹೋಗಲಾಗದ ಈ ಕುಟುಂಬಗಳಿಗೆ ವಿದ್ಯೆಯೇ ಆಸ್ತಿಯಾದುದರಿಂದ ಮಾಧ್ಯಮಿಕ ಶಾಲೆಯ ಬಾಗಿಲಿನಲ್ಲಿ ನೂಕುನುಗ್ಗಲು ಹೆಚ್ಚಿತು. ಪ್ರಾಥಮಿಕ ಶಾಲೆಯ ಆರನೆಯ ತರಗತಿಯ ಶಿಕ್ಷಕರು ಸಂಜೆಯ ಹೊತ್ತು ಹೆಚ್ಚುವರಿ ಪಾಠ ನಡೆಸತೊಡಗಿದರು. ‘ಪರೀಕ್ಷಾ ನರಕ’ ಎಂಬ ಮಾತು ಪತ್ರಿಕೆಗಳಲ್ಲಿ ಬಳಕೆಗೆ ಬಂತು. ಈ ಒತ್ತಡ ಮಕ್ಕಳ ದೇಹ ಮನಸ್ಸುಗಳನ್ನು ಕೆಡಿಸುತ್ತಿದೆ ಎಂಬ ಕಾರಣಕ್ಕೆ ಶಿಕ್ಷಣ ಸಚಿವಾಲಯವು 1927ರಲ್ಲಿ ಮಾಧ್ಯಮಿಕ ಶಾಲೆಗಳ ಲಿಖಿತ ಪ್ರವೇಶ ಪರೀಕ್ಷೆಯನ್ನು ರದ್ದುಪಡಿಸಿ, ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರ ವರದಿ, ಮೌಖಿಕ ಸಂದರ್ಶನ ಮತ್ತು ದೇಹ ತಪಾಸಣೆ ಈ ಮೂರರಿಂದಲೇ ಆಯ್ಕೆ ನಡೆಯಬೇಕೆಂದು ವಿಧಿಸಿತು. ಉದ್ದೇಶ ಒಳ್ಳೆಯದೇ. ಆದರೆ ಅಂಕಗಳ ಜಾಗದಲ್ಲಿ ಮುಖ್ಯೋಪಾಧ್ಯಾಯರ ಅಭಿಪ್ರಾಯ ಬಂದು ಕೂತಾಗ, ಆ ಅಭಿಪ್ರಾಯವನ್ನು ಒಲಿಸಿಕೊಳ್ಳುವ ಯತ್ನಗಳೂ ಅದರ ಬಗೆಗಿನ ಗುಮಾನಿಗಳೂ ಹುಟ್ಟಿಕೊಂಡವು. ಕೆಲವೇ ವರ್ಷಗಳಲ್ಲಿ ಲಿಖಿತ ಪರೀಕ್ಷೆ ಮರಳಿ ಬಂತು. 1939ರಲ್ಲಿ ಸಚಿವಾಲಯ ಅದೇ ನಿರ್ಧಾರವನ್ನು ಮತ್ತೊಮ್ಮೆ ಕೈಗೊಂಡಿತು. ಉತ್ತರಪತ್ರಿಕೆಯ ವಿಷಯದಲ್ಲಿ ಹುಡುಗನ ಹೆತ್ತವರಿಗೆ ಮಾಡಲು ಏನೂ ಇರುತ್ತಿರಲಿಲ್ಲ. ವರದಿ ಮತ್ತು ಸಂದರ್ಶನದ ಪದ್ಧತಿಯಲ್ಲಿ ಮಾತ್ರ ಮನೆತನದ ನಡತೆಯೂ ತೂಗಲ್ಪಡುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಆ ಕಾಲದಲ್ಲಿ ಖಾಸಗಿ ಶಾಲೆಗಳು ಹೆತ್ತವರ ಮೊದಲ ಆಯ್ಕೆಯಾಗಿರಲಿಲ್ಲ. 1871ರಲ್ಲಿ ಬೇರೆ ಹೆಸರಿನಿಂದ ಆರಂಭವಾದ ಕೈಸೆಯ್, ಎಬಾರಾ ಸೊರೊಕು 1895ರಲ್ಲಿ ಸ್ಥಾಪಿಸಿದ ಅಜಾಬು, ರೈಲ್ವೆ ಉದ್ಯಮಿ ನೆಜು ಕೈಚಿರೊ ಅವರ ಹಣದಿಂದ 1922ರಲ್ಲಿ ತೆರೆದ ಮುಸಾಶಿ, ಇವು ಗೌರವದ ಶಾಲೆಗಳೇ ಆಗಿದ್ದರೂ ಟೋಕಿಯೊದಲ್ಲಿ ಅಗ್ರಸ್ಥಾನ ಇದ್ದದ್ದು ‘ಮೊದಲನೆಯ ಮಾಧ್ಯಮಿಕ’ ಎಂದು ಕರೆಯಲಾಗುತ್ತಿದ್ದ ಸರ್ಕಾರಿ ಶಾಲೆಗೆ. ಇಂದು ಈ ಮೂರು ಖಾಸಗಿ ಶಾಲೆಗಳನ್ನು ಒಟ್ಟಾಗಿ ‘ಗೊಸಾಂಕೆ’ ಎನ್ನುತ್ತಾರೆ. ತೊಕುಗಾವಾ ಅರಸರ ವಂಶದಲ್ಲಿ ಮುಖ್ಯ ಮನೆತನಕ್ಕೆ ಉತ್ತರಾಧಿಕಾರಿ ಇಲ್ಲದಾಗ ವಾರಸುದಾರನನ್ನು ಒದಗಿಸುವ ಹಕ್ಕಿದ್ದ ಮೂರು ಶಾಖಾ ಮನೆತನಗಳಿಗೆ ಇದ್ದ ಹೆಸರು ಅದು.

1947ರ ಶಾಲಾ ಶಿಕ್ಷಣ ಕಾಯಿದೆ ಆರು, ಮೂರು, ಮೂರು ವರ್ಷಗಳ ಹೊಸ ವ್ಯವಸ್ಥೆಯನ್ನು ತಂದು ಮಾಧ್ಯಮಿಕ ಶಾಲೆಯನ್ನು ಎಲ್ಲರಿಗೂ ಕಡ್ಡಾಯ ಮಾಡಿದಾಗ, ಹನ್ನೆರಡರ ವಯಸ್ಸಿನ ಪರೀಕ್ಷೆ ಸರ್ಕಾರಿ ವಲಯದಲ್ಲಿ ಒಮ್ಮೆಲೇ ಅರ್ಥ ಕಳೆದುಕೊಂಡಿತು. ಹಳೆಯ ‘ಮೊದಲನೆಯ ಮಾಧ್ಯಮಿಕ’ವು ಹಿಬಿಯಾ ಪ್ರೌಢಶಾಲೆಯಾಗಿ ಹದಿನೈದರ ಮಕ್ಕಳನ್ನು ಆರಿಸಿಕೊಳ್ಳತೊಡಗಿತು. ಆಗ ಬಲ್ಲ ಹೆತ್ತವರು ಕಂಡುಕೊಂಡ ಹಾದಿ ನಕ್ಷೆಯ ಮೇಲಿನದಾಗಿತ್ತು: ಬಾಂಚೊ ಪ್ರಾಥಮಿಕ ಶಾಲೆ, ಕೊಜಿಮಾಚಿ ಮಾಧ್ಯಮಿಕ ಶಾಲೆ, ಹಿಬಿಯಾ, ಕೊನೆಗೆ ಟೋಕಿಯೊ ವಿಶ್ವವಿದ್ಯಾಲಯ. ಇದು ಸಂಪೂರ್ಣ ಸರ್ಕಾರಿ ಹಾದಿ. ಆ ಪ್ರದೇಶದಲ್ಲಿ ವಾಸವಿಲ್ಲದವರು ಬಂಧುಗಳ ವಿಳಾಸ ಕೊಟ್ಟು ಮಕ್ಕಳನ್ನು ಗಡಿದಾಟಿ ಸೇರಿಸುತ್ತಿದ್ದರು, ಇದು ಅಧಿಕಾರಿಗಳಿಗೂ ಗೊತ್ತಿದ್ದ ಗುಟ್ಟಾಗಿತ್ತು. 1964ರಲ್ಲಿ ಹಿಬಿಯಾದಿಂದ 193 ವಿದ್ಯಾರ್ಥಿಗಳು ಟೋಕಿಯೊ ವಿಶ್ವವಿದ್ಯಾಲಯ ಸೇರಿದರು.

ಈ ಏಕಸ್ವಾಮ್ಯವನ್ನು ಮುರಿಯಲು ಟೋಕಿಯೊ ಶಿಕ್ಷಣ ಮಂಡಳಿಯ ಮುಖ್ಯಾಧಿಕಾರಿ ಒಬಿ ತೊರಾವೊ ಅವರ ಕಾಲದಲ್ಲಿ ರೂಪಿಸಿ 1967ರಿಂದ ಜಾರಿಗೆ ತಂದ ‘ಶಾಲಾ ಗುಂಪು ಪದ್ಧತಿ’ ಈ ಇತಿಹಾಸದ ಮುಖ್ಯ ತಿರುವು. ಇದರ ಪ್ರಕಾರ ವಿದ್ಯಾರ್ಥಿಯು ಶಾಲೆಯೊಂದಕ್ಕೆ ಅರ್ಜಿ ಹಾಕುವಂತಿರಲಿಲ್ಲ, ಎರಡು ಮೂರು ಶಾಲೆಗಳ ಒಂದು ಗುಂಪಿಗೆ ಮಾತ್ರ ಹಾಕಬೇಕಿತ್ತು. ತೇರ್ಗಡೆಯಾದವರನ್ನು ಮಂಡಳಿಯೇ ಸಮನಾಗಿ ಹಂಚುತ್ತಿತ್ತು. ಹಿಬಿಯಾವನ್ನು ಕುದಾನ್ ಮತ್ತು ಮಿತಾ ಶಾಲೆಗಳ ಜೊತೆ ಹನ್ನೊಂದನೆಯ ಗುಂಪಿನಲ್ಲಿ ಸೇರಿಸಲಾಯಿತು. ಹೀಗೆ ಪರೀಕ್ಷೆಯಲ್ಲಿ ಗೆದ್ದ ಮೇಲೂ ಯಾವ ಶಾಲೆ ಎಂಬುದಕ್ಕೆ ಇನ್ನೊಮ್ಮೆ ಕಾಯಬೇಕಾಯಿತು, ಮತ್ತು ಆ ಎರಡನೆಯ ಉತ್ತರದಲ್ಲಿ ಮಗುವಿನ ಯೋಗ್ಯತೆಗೆ ಯಾವ ಪಾತ್ರವೂ ಇರಲಿಲ್ಲ. ಬಯಸಿದ ಶಾಲೆ ಸಿಗದ ಅನೇಕರು ಸೀಟನ್ನೇ ನಿರಾಕರಿಸಿದರು. ಇನ್ನೂ ಹೆಚ್ಚು ಮಂದಿ ಈ ಗೊಡವೆಯೇ ಬೇಡವೆಂದು ಮಕ್ಕಳನ್ನು ಹನ್ನೆರಡರಲ್ಲೇ ಆರು ವರ್ಷದ ಖಾಸಗಿ ಶಾಲೆಗಳಿಗೆ, ಅಂದರೆ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳನ್ನು ಒಂದೇ ಸೂರಿನಡಿ ನಡೆಸುವ ಶಾಲೆಗಳಿಗೆ, ಕಳಿಸುವ ಯೋಚನೆ ಮಾಡಿದರು. 1993ಕ್ಕೆ ಹಿಬಿಯಾದಿಂದ ಟೋಕಿಯೊ ವಿಶ್ವವಿದ್ಯಾಲಯ ಸೇರಿದವರ ಸಂಖ್ಯೆ ಒಂದಕ್ಕೆ ಇಳಿದಿತ್ತು. ಈ ಕುಸಿತವನ್ನೆಲ್ಲ ಗುಂಪು ಪದ್ಧತಿಯ ತಲೆಗೇ ಕಟ್ಟುವುದು ವಾಡಿಕೆಯಾದರೂ ಅದು ಪೂರ್ತಿ ನ್ಯಾಯವಲ್ಲ: ಸಾಕೆ ಎಂಬ ಅಕ್ಕಿಯ ಮದ್ಯ ತಯಾರಿಸುವ ಮನೆತನಗಳು ಜೂಡೊ ಪಿತಾಮಹ ಕಾನೊ ಜಿಗೊರೊ ಅವರ ಸಲಹೆಯಂತೆ 1927ರಲ್ಲಿ ಕೋಬೆ ಬಳಿ ಸ್ಥಾಪಿಸಿದ ನಾದಾ ಎಂಬ ಖಾಸಗಿ ಶಾಲೆ 1968ರಲ್ಲೇ ಹಿಬಿಯಾವನ್ನು ಹಿಂದೆ ಹಾಕಿತು, ಆದರೆ ಗುಂಪು ಪದ್ಧತಿಯ ಮೊದಲ ತಂಡ ಪ್ರೌಢಶಾಲೆ ಮುಗಿಸಿದ್ದು 1970ರಲ್ಲಿ. ಇಳಿಜಾರು ಮೊದಲೇ ಇತ್ತು. ಸುಧಾರಣೆ ಅದಕ್ಕೆ ವೇಗ ಕೊಟ್ಟಿತು. 1982ರಿಂದೀಚೆಗೆ ಟೋಕಿಯೊ ವಿಶ್ವವಿದ್ಯಾಲಯಕ್ಕೆ ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸುವ ಶಾಲೆಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕೈಸೆಯ್ ಬಿಟ್ಟು ಕದಲಿಲ್ಲ. ಅಂದಿನ ಸುಧಾರಕ ಅಧಿಕಾರಿಗಳಲ್ಲಿ ಎಷ್ಟೋ ಮಂದಿ ತಾವೇ ಹಳೆಯ ಪರೀಕ್ಷೆಗಳ ಏಣಿ ಹತ್ತಿ ಬಂದವರು, ಏಣಿಯೊಂದನ್ನು ತೆಗೆದರೆ ಜನ ಇನ್ನೊಂದನ್ನು ಹುಡುಕುತ್ತಾರೆಂಬುದು ಅವರಿಗೆ ಹೊಳೆಯದೇ ಹೋದದ್ದು ಸೋಜಿಗ.

ಹೊಸ ಏಣಿಯನ್ನು ಒದಗಿಸಿದ್ದು ‘ಜುಕು’ ಎಂಬ ಖಾಸಗಿ ಟ್ಯೂಷನ್ ಸಂಸ್ಥೆಗಳು. 1954ರಲ್ಲಿ ಆರಂಭವಾದ ಯೊತ್ಸುಯಾ ಒತ್ಸುಕಾದಂಥ ಸಂಸ್ಥೆಗಳು ಭಾನುವಾರಗಳಂದು ಪರೀಕ್ಷೆ ನಡೆಸಿ ಸ್ಥಾನಪಟ್ಟಿ ಪ್ರಕಟಿಸುತ್ತಿದ್ದವು. ಯೊತ್ಸುಯಾ ಒತ್ಸುಕಾದ ಭಾನುವಾರದ ತರಗತಿಗೆ ಸೇರಲೂ ಆಯ್ಕೆ ಪರೀಕ್ಷೆಯಿದ್ದುದರಿಂದ ಆ ಪರೀಕ್ಷೆಗೆ ತಯಾರುಮಾಡುವ ಬೇರೆ ಜುಕುಗಳು ಹುಟ್ಟಿಕೊಂಡವು, ಹಾಗೂ ಫೆಬ್ರವರಿಗೆ ಬಹು ಮೊದಲೇ ಹೆತ್ತವರು ಫಲಿತಾಂಶಕ್ಕೆ ಕಾಯುವುದನ್ನು ಕಲಿತರು. ಇದೇ ಹೊತ್ತಿಗೆ, 1957ರ ಸುಮಾರಿಗೆ, ಟೋಕಿಯೊದ ಮಿನಾತೊ ವಿಭಾಗದ ಸರ್ಕಾರಿ ಮಾಧ್ಯಮಿಕ ಶಾಲೆಯ ಶಿಕ್ಷಕ ಕುವಾತಾ ಶೊಜೊ ‘ಹೆನ್ಸಾಚಿ’ ಎಂಬ ಮಾಪನವನ್ನು ರೂಪಿಸಿದ್ದರು. ಪರೀಕ್ಷೆ ಬರೆದವರೆಲ್ಲರ ಸರಾಸರಿಯನ್ನು 50 ಎಂದು ಹಿಡಿದು, ಸರಾಸರಿಯಿಂದ ಒಂದು ಪ್ರಮಾಣ ವಿಚಲನೆಯಷ್ಟು, ಅಂದರೆ ಅಂಕಗಳು ಸಾಮಾನ್ಯವಾಗಿ ಚದುರಿರುವ ಅಳತೆಯಷ್ಟು, ಮೇಲಿದ್ದರೆ 60, ಅಷ್ಟೇ ಕೆಳಗಿದ್ದರೆ 40 ಎಂದು ಲೆಕ್ಕ ಹಾಕುವ ಈ ವಿಧಾನದಿಂದ ಸುಲಭದ ಪರೀಕ್ಷೆಯ ಅಂಕವನ್ನೂ ಕಠಿಣ ಪರೀಕ್ಷೆಯ ಅಂಕವನ್ನೂ ಹೋಲಿಸಬಹುದು. ಯಾವ ಮಗು ಯಾವ ಪ್ರೌಢಶಾಲೆಗೆ ಅರ್ಜಿ ಹಾಕಬೇಕೆಂದು ಹಿರಿಯ ಶಿಕ್ಷಕರು ಅಂದಾಜಿನ ಮೇಲೆ ಹೇಳುತ್ತಿದ್ದ ಕಾಲದಲ್ಲಿ, ಆ ಅಂದಾಜಿನ ಅನ್ಯಾಯವನ್ನು ತಪ್ಪಿಸುವುದು ಕುವಾತಾ ಅವರ ಉದ್ದೇಶವಾಗಿತ್ತು. ಜುಕುಗಳ ಕೈಗೆ ಬಂದಮೇಲೆ ಅದು ಮಕ್ಕಳಿಗಿಂತ ಹೆಚ್ಚಾಗಿ ಶಾಲೆಗಳ ಬೆಲೆಪಟ್ಟಿಯಾಯಿತು. ಶೇಕಡ 80ರಷ್ಟು ತೇರ್ಗಡೆಯ ಸಂಭವವಿರುವ ಅಂಕದ ಎದುರು ಶಾಲೆಗಳ ಹೆಸರನ್ನು ಸಾಲಾಗಿ ಮುದ್ರಿಸಿದ ಹಾಳೆ ಮನೆಮನೆಯ ಗೋಡೆಗೆ ಬಂತು. ಜುಕುವಿನ ಪರೀಕ್ಷೆ ಬರೆಯುವವರೇ ಆಯ್ದ ಮಕ್ಕಳಾದುದರಿಂದ ಅಲ್ಲಿನ 50 ಸಾಮಾನ್ಯ ಮಗುವಿನ 50 ಅಲ್ಲ ಎಂಬ ಸೂಕ್ಷ್ಮವನ್ನು ಆ ಹಾಳೆ ಹೇಳುವುದಿಲ್ಲ. 1993ರಲ್ಲಿ ಸಚಿವಾಲಯವು ಸರ್ಕಾರಿ ಮಾಧ್ಯಮಿಕ ಶಾಲೆಗಳಿಂದ ಖಾಸಗಿ ಕಂಪನಿಗಳ ಪರೀಕ್ಷೆಗಳನ್ನೂ ಹೆನ್ಸಾಚಿಯನ್ನೂ ಹೊರಹಾಕಿತು. ಆ ಅಳತೆಗೋಲು ಶಾಲೆಯ ಹೊರಗೆ, ಶುಲ್ಕ ಕೊಡುವವರಿಗೆ ಮಾತ್ರ ಸಿಗುವಂಥದಾಯಿತು. 2002ರಲ್ಲಿ ವಾರಕ್ಕೆ ಐದೇ ದಿನದ ಶಾಲೆ ಮತ್ತು ಸುಮಾರು ಶೇಕಡ 30ರಷ್ಟು ಪಾಠ ಕಡಿತ ಜಾರಿಗೆ ಬಂದಾಗಲೂ, ಶನಿವಾರದ ತರಗತಿಗಳನ್ನು ಬಿಡದ ಖಾಸಗಿ ಶಾಲೆಗಳಿಗೇ ಅದರ ಲಾಭ ದೊರೆಯಿತು.

ಫಲಿತಾಂಶ ತಿಳಿಸುವ ಬಗೆಗೂ ಒಂದು ಚರಿತ್ರೆಯಿದೆ. 1950ರ ದಶಕದಿಂದ ದೂರದ ಊರುಗಳ ವಿಶ್ವವಿದ್ಯಾಲಯ ಅಭ್ಯರ್ಥಿಗಳಿಗೆ ‘ಚೆರ್ರಿ ಅರಳಿತು’ ಅಥವಾ ‘ಚೆರ್ರಿ ಉದುರಿತು’ ಎಂದು ತಂತಿ ಕಳಿಸಿ ಕೈಖರ್ಚಿಗೆ ಸಂಪಾದಿಸುವ ವಿದ್ಯಾರ್ಥಿಗಳಿದ್ದರು. ಮಾಧ್ಯಮಿಕ ಶಾಲೆಯ ಅಭ್ಯರ್ಥಿಗಳು ಆಯಾ ನಗರದವರೇ ಆದುದರಿಂದ ಅವರಿಗೆ ತಂತಿ ಬೇಕಿರಲಿಲ್ಲ. ಶಾಲೆಯ ಅಂಗಳದ ಸೂಚನಾ ಫಲಕಕ್ಕೆ ಅಂಟಿಸುವ ಬಿಳಿ ಹಾಳೆಯೇ ಅವರ ತಂತಿಯಾಗಿತ್ತು. ಹಾಳೆಯಲ್ಲಿ ಹೆಸರು ಇರುತ್ತಿರಲಿಲ್ಲ, ತೇರ್ಗಡೆಯಾದವರ ಪ್ರವೇಶ ಸಂಖ್ಯೆಗಳು ಮಾತ್ರ ಏರಿಕೆಯ ಕ್ರಮದಲ್ಲಿ ಇರುತ್ತಿದ್ದವು. ತಮ್ಮ ಸಂಖ್ಯೆಯ ಹಿಂದಿನದೂ ಮುಂದಿನದೂ ಕಂಡು ನಡುವಿನದು ಕಾಣದಾಗ ಸಂಶಯಕ್ಕೆ ಎಡೆಯೇ ಉಳಿಯುತ್ತಿರಲಿಲ್ಲ. ಅಂತರ್ಜಾಲದ ಪ್ರಕಟಣೆ ಬಂದ ಮೇಲೆ ಅನೇಕ ಶಾಲೆಗಳು ಫಲಕವನ್ನು ಕೈಬಿಟ್ಟವು, ಸಂತೋಷ ದುಃಖಗಳೆರಡೂ ಮನೆಯೊಳಕ್ಕೆ ಸರಿದವು. ಇದರಿಂದ ಕಾಯುವಿಕೆ ಕಡಿಮೆಯಾಯಿತೆಂದು ಹೇಳುವಂತಿಲ್ಲ. ಬೆಳಗಿನ ಪರೀಕ್ಷೆಯ ಜೊತೆಗೆ ಮಧ್ಯಾಹ್ನದ ಪರೀಕ್ಷೆಗಳೂ ಸೇರಿಕೊಂಡು, ಒಂದು ಮಗು ಐದಾರು ಶಾಲೆಗಳಿಗೆ ಪ್ರಯತ್ನಿಸುವುದು ಸಾಮಾನ್ಯವಾದ ಮೇಲೆ, ಇಂದಿನ ರಾತ್ರಿಯ ಫಲಿತಾಂಶ ನೋಡಿ ನಾಳೆ ಬೆಳಿಗ್ಗೆ ಯಾವ ಶಾಲೆಯ ಪರೀಕ್ಷೆಗೆ ಹೋಗಬೇಕೆಂದು ತೀರ್ಮಾನಿಸುವ ಕೆಲಸ ಹೆತ್ತವರ ಪಾಲಿಗೆ ಬಂತು. ಫೆಬ್ರವರಿ 1ರಂದು ಕೈಸೆಯ್ ಪರೀಕ್ಷೆ ಬರೆದ ಹುಡುಗನ ಫಲಿತಾಂಶ ಬರುವುದು 3ರಂದು. ಅದೇ 3ರಂದು ಅವನು ತ್ಸುಕುಬಾ ವಿಶ್ವವಿದ್ಯಾಲಯಕ್ಕೆ ಸೇರಿದ ಕೊಮಾಬಾ ಶಾಲೆಯ ಪರೀಕ್ಷೆಯಲ್ಲಿ ಕುಳಿತಿರುವುದುಂಟು, ಆಗ ಅವನ ಭವಿಷ್ಯದ ಸುದ್ದಿ ಅವನಿಗಿಂತ ಮೊದಲು ಅವನ ತಾಯಿಗೆ ತಿಳಿದಿರುತ್ತದೆ. ಪಂಚಾಂಗವೂ ಇದರಲ್ಲಿ ಕೈಯಾಡಿಸುತ್ತದೆ: ಫೆಬ್ರವರಿ 1 ಭಾನುವಾರವಾದ ವರ್ಷಗಳಲ್ಲಿ, 2009, 2015 ಮತ್ತು 2026ರಲ್ಲಿ ಆದಂತೆ, ಜೊಶಿ ಗಾಕುಯಿನ್ ಮೊದಲಾದ ಪ್ರೊಟೆಸ್ಟೆಂಟ್ ಮೂಲದ ಬಾಲಕಿಯರ ಶಾಲೆಗಳು ಆರಾಧನೆಯ ದಿನವೆಂದು ಪರೀಕ್ಷೆಯನ್ನು ಮರುದಿನಕ್ಕೆ ಮುಂದೂಡುತ್ತವೆ, ಎಂದೂ ಒಟ್ಟಿಗೆ ಬರೆಯಲಾಗದ ಎರಡು ಶಾಲೆಗಳ ಪರೀಕ್ಷೆಯನ್ನು ಬರೆಯುವ ಅವಕಾಶ ಹುಟ್ಟಿ ಆ ವರ್ಷದ ಲೆಕ್ಕಾಚಾರಗಳೆಲ್ಲ ತಲೆಕೆಳಗಾಗುತ್ತವೆ.

ಹಣದ ವಿಚಾರ ಈ ಕಾಯುವಿಕೆಗೆ ಇನ್ನೊಂದು ಗಡುವನ್ನು ಜೋಡಿಸಿತು. ತೇರ್ಗಡೆಯಾದ ಶಾಲೆಯಲ್ಲಿ ಸೀಟು ಉಳಿಸಿಕೊಳ್ಳಲು ಎರಡೂವರೆ ಮೂರು ಲಕ್ಷ ಯೆನ್ ಆಸುಪಾಸಿನ ಪ್ರವೇಶ ಶುಲ್ಕವನ್ನು ಒಂದೆರಡು ದಿನಗಳಲ್ಲೇ ಕಟ್ಟಬೇಕಾಗಿ ಬಂದಾಗ, ಮೊದಲ ಆಯ್ಕೆಯ ಶಾಲೆಯ ಉತ್ತರ ಬರುವ ಮುನ್ನ ಎರಡನೆಯ ಶಾಲೆಗೆ ಹಣ ತೆರುವುದು ಅನಿವಾರ್ಯವಾಗುತ್ತದೆ. ವಿಶ್ವವಿದ್ಯಾಲಯಗಳ ಇಂಥದೇ ಪದ್ಧತಿಯ ಬಗ್ಗೆ ಜಪಾನಿನ ಸರ್ವೋಚ್ಚ ನ್ಯಾಯಾಲಯ 2006ರ ನವೆಂಬರ್ 27ರಂದು ತೀರ್ಪು ನೀಡಿ, ಶೈಕ್ಷಣಿಕ ವರ್ಷ ತೊಡಗುವ ಮುನ್ನ ಸೀಟು ಬಿಟ್ಟವರಿಗೆ ಬೋಧನಾ ಶುಲ್ಕವನ್ನು ಸಾಮಾನ್ಯವಾಗಿ ಹಿಂದಿರುಗಿಸಬೇಕೆಂದೂ, ಪ್ರವೇಶ ಶುಲ್ಕವು ಸೇರುವ ಹಕ್ಕಿಗೇ ಕೊಟ್ಟ ಬೆಲೆಯಾದುದರಿಂದ ಅದನ್ನು ಹಿಂದಿರುಗಿಸಬೇಕಿಲ್ಲವೆಂದೂ ವಿಂಗಡಿಸಿತು.

ಹೀಗೆ ಒಬ್ಬರು ಬಿಟ್ಟುಕೊಟ್ಟ ಸೀಟು ಇನ್ನೊಬ್ಬರಿಗೆ ಸಲ್ಲುವ ‘ಕುರಿಆಗೆ’, ಅಂದರೆ ಮೀಸಲು ಪಟ್ಟಿಯಿಂದ ಮೇಲೆತ್ತುವ ಕ್ರಮ, ಕಾಯುವಿಕೆಯ ಅತಿ ದೀರ್ಘ ರೂಪ. 120 ಮಂದಿಯನ್ನು ಮಾತ್ರ ಸೇರಿಸಿಕೊಳ್ಳುವ ಕೊಮಾಬಾ ಶಾಲೆಯ ಫಲಿತಾಂಶ ಹೊರಬಿದ್ದೊಡನೆ, ಅಲ್ಲಿ ಗೆದ್ದವರು 300 ಸೀಟುಗಳ ಕೈಸೆಯ್‌ನಲ್ಲಿ ಗಳಿಸಿದ್ದ ಜಾಗಗಳು ಖಾಲಿಯಾಗುತ್ತವೆ. ಅವನ್ನು ತುಂಬಲು ಹೋದವರು ಮತ್ತೊಂದು ಶಾಲೆಯಲ್ಲಿ ಜಾಗ ಬಿಡುತ್ತಾರೆ. ಈ ಸರಪಳಿ ಒಂದೊಂದೇ ದೂರವಾಣಿ ಕರೆಯ ಮೂಲಕ ಕೆಳಕೆಳಗಿನ ಶಾಲೆಗಳಿಗೆ ಇಳಿಯುತ್ತ ವಾರಗಟ್ಟಲೆ ನಡೆಯುತ್ತದೆ. ಕರೆ ಬಂದಾಗ ಬೇಗ ಉತ್ತರಿಸದಿದ್ದರೆ ಅವಕಾಶ ಮುಂದಿನವರಿಗೆ ಹೋಗುತ್ತದೆಂಬ ಭಯದಿಂದ ಅಪರಿಚಿತ ಸಂಖ್ಯೆಯ ಯಾವ ಕರೆಯನ್ನೂ ಬಿಡದೆ ಎತ್ತಿಕೊಳ್ಳುವುದು ಆ ದಿನಗಳಲ್ಲಿ ಹೆತ್ತವರಿಗೆ ಅಭ್ಯಾಸವಾಗಿಬಿಡುತ್ತದೆ. ಕ್ರಿ.ಶ. 845ರಿಂದ 903ರವರೆಗೆ ಬದುಕಿದ್ದು ಆಮೇಲೆ ವಿದ್ಯೆಯ ದೇವತೆಯೆಂದು ಪೂಜೆಗೊಂಡ ಸುಗಾವಾರಾ ನೊ ಮಿಚಿಜಾನೆಯ ಯುಶಿಮಾ ಗುಡಿಯಲ್ಲಿ ಹರಕೆಯ ಮರದ ಹಲಗೆಗಳು ಚಳಿಗಾಲದಲ್ಲಿ ಒಂದರ ಮೇಲೊಂದು ತೂಗುವುದಕ್ಕೆ ಕಾರಣ, ಲೆಕ್ಕಾಚಾರ ಹೆಚ್ಚಾದಂತೆ ಅದು ಕೈಕೊಡಬಹುದಾದ ಜಾಗಗಳೂ ಹೆಚ್ಚಾದದ್ದೇ ಇರಬೇಕು.

ಖಾಸಗಿ ಶಾಲೆಗಳ ಆಕರ್ಷಣೆಗೆ ಸರ್ಕಾರ ಕಂಡುಕೊಂಡ ಇತ್ತೀಚಿನ ಉತ್ತರವೆಂದರೆ ತಾನೇ ಆರು ವರ್ಷದ ಶಾಲೆಗಳನ್ನು ನಡೆಸುವುದು. 1999ರಿಂದ ಕಾನೂನಿನ ಅನುಮತಿ ಪಡೆದ ಈ ಬಗೆಯ ಶಾಲೆಗಳಲ್ಲಿ ಟೋಕಿಯೊ ಆಡಳಿತದ ಮೊದಲನೆಯದು, ಹಾಕುಒ, 2005ರಲ್ಲಿ ಆರಂಭವಾಯಿತು. ಹನ್ನೆರಡರ ಮಕ್ಕಳ ನಡುವೆ ಪೈಪೋಟಿ ಬೆಳೆಯಬಾರದೆಂದು ಇಲ್ಲಿ ವಿಷಯಜ್ಞಾನದ ಪ್ರವೇಶ ಪರೀಕ್ಷೆಗೆ ನಿಷೇಧವಿದೆ. ಆದುದರಿಂದ ನಡೆಯುವ ಲಿಖಿತ ಪರೀಕ್ಷೆಯನ್ನು ‘ಯೋಗ್ಯತಾ ತಪಾಸಣೆ’ ಎಂದು ಕರೆಯಲಾಗುತ್ತದೆ. ಜುಕುಗಳು ತಡಮಾಡದೆ ಯೋಗ್ಯತಾ ತಪಾಸಣೆಗೆಂದೇ ಪ್ರತ್ಯೇಕ ತರಗತಿಗಳನ್ನು ತೆರೆದವು, ಕೆಲವು ಖಾಸಗಿ ಶಾಲೆಗಳು ಅದೇ ಮಾದರಿಯ ಪ್ರಶ್ನೆಪತ್ರಿಕೆಯನ್ನು ತಾವೂ ಇಟ್ಟು, ಸರ್ಕಾರಿ ಶಾಲೆಯ ಫಲಿತಾಂಶ ಬರುವವರೆಗೆ ಶುಲ್ಕ ಕಟ್ಟದೆ ಕಾಯಬಹುದೆಂಬ ಅನುಕೂಲವನ್ನು ಪಾಲಕರಿಗೆ ಒದಗಿಸಿದವು.