ಜಾಫರ್ ಎಲ್ಲಿಂದ ಬಂದ?

ಈ ಕಂತಿನ ಮಾತನ್ನ ಓದೋಕೆ ಸರಿಹೋಗೋ ಹಾಗೆ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ನನ್ನ ಅಭಿರುಚಿಯನ್ನ ರೂಪಿಸಿದ ಗೇಮ್ ಯಾವುದು ಅಂದ್ರೆ ತಡಮಾಡದೆ ‘ಪ್ರಿನ್ಸ್ ಆಫ್ ಪರ್ಷಿಯಾ’ ಅಂತೀನಿ. ತೊಂಬತ್ತರ ದಶಕದಲ್ಲಿ ಕಾಲೇಜು ಲ್ಯಾಬಲ್ಲಿ ಟರ್ಬೋ ಸಿ ಕಲಿಯೋ ನೆಪದಲ್ಲಿ ಇದನ್ನ ಆಡಿದವರು ನಿಮ್ಮಲ್ಲೂ ಇರ್ತೀರಿ. ಡಾಸಲ್ಲಿ ‘ಪ್ರಿನ್ಸ್’ ಪಕ್ಕ ‘ಮೆಗಾಹಿಟ್’ ಅಂತ ಟೈಪ್ ಮಾಡಿದರೆ ಚೀಟ್ ಕೆಲಸ ಮಾಡ್ತಿತ್ತು, ನೆನಪಿದೆಯಾ?

ಅದರಲ್ಲಿ ನನ್ನನ್ನ ಹಿಡಿದದ್ದು ಆ ಮನುಷ್ಯನ ಮೈಭಾರ. ಓಡ್ತಿದ್ದವನು ತಕ್ಷಣ ನಿಲ್ಲಲ್ಲ, ಜಾರಿ ನಿಲ್ತಾನೆ. ಎರಡು ಅಂತಸ್ತಿನಿಂದ ಬಿದ್ದರೆ ಒಂದು ಜೀವ ಹೋಗುತ್ತೆ, ಮೂರಾದರೆ ಕಥೆ ಮುಗೀತು. ಅಂಚು ಹಿಡಿದು ನೇತಾಡುವಾಗ ನಮ್ಮ ಕೈಯೇ ಬೆವರುತ್ತಿತ್ತು. ಹೀರೋ ಒದ್ದರೆ ಹತ್ತು ಜನ ಗಾಳಿಯಲ್ಲಿ ತೇಲೋ ಫೈಟುಗಳು ಇವತ್ತಿಗೂ ನನಗೆ ರುಚಿಸದಿರೋದಕ್ಕೆ ಇದೇ ಕಾರಣ. ಬಿದ್ದವನಿಗೆ ನೋವಾಗಬೇಕು, ಇಲ್ಲದಿದ್ದರೆ ಏನು ಮಜಾ?

ಆ ಮೈಭಾರ ಬಂದದ್ದು ನಿಜವಾದ ಮೈಯಿಂದ. ಜೋರ್ಡನ್ ಮೆಕ್ನರ್ ಯೇಲ್‌ನಲ್ಲಿ ಓದುವಾಗಲೇ ‘ಕರಾಟೆಕಾ’ ಅನ್ನೋ ಗೇಮ್ ಬರೆದಿದ್ದರು. 1985ರಲ್ಲಿ ತಮ್ಮ ಡೇವಿಡ್‌ನನ್ನ ಓಡಿಸಿ, ಹಾರಿಸಿ ವಿಡಿಯೋ ತೆಗೆದು, ಒಂದೊಂದೇ ಚಿತ್ರವನ್ನ ಆಪಲ್ ಟೂ ಕಂಪ್ಯೂಟರಿಗೆ ಇಳಿಸಿದರು. ಕತ್ತಿವರಸೆಯನ್ನ 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಸಿನಿಮಾದಿಂದ ಎತ್ತಿಕೊಂಡರು. ಎರಾಲ್ ಫ್ಲಿನ್, ಬೇಸಿಲ್ ರಾತ್‌ಬೋನ್ ಇಬ್ಬರೂ ಪಕ್ಕದಿಂದ ಸರಿಯಾಗಿ ಕಾಣೋ ಕೆಲವೇ ಸೆಕೆಂಡು ಅದಕ್ಕೆ ಸಾಕಾಯ್ತು. ಮೆಮೊರಿ ತುಂಬಿಹೋಗಿ ಇನ್ನೊಂದು ಪಾತ್ರದ ಚಿತ್ರಗಳಿಗೆ ಜಾಗವೇ ಇರಲಿಲ್ಲ. ಹಾಗಾಗಿ ನಾಯಕನ ಚಿತ್ರವನ್ನೇ ಒಂದು ಬಿಟ್ ಸರಿಸಿ ಅದರ ಮೇಲೇ ಎಕ್ಸಾರ್ ಮಾಡಿದರು. ಮಿನುಗೋ ನೆರಳುಮನುಷ್ಯ ಹುಟ್ಟಿದ್ದು ಹಾಗೆ. ಅವನನ್ನ ಕೊಂದರೆ ನೀವೂ ಸಾಯ್ತೀರಿ. ಕತ್ತಿ ಒರೆಗೆ ಹಾಕಿ ಅವನೊಳಗೆ ನಡೆದುಹೋಗಬೇಕು. 2012ರಲ್ಲಿ ಹಳೇ ಫ್ಲಾಪಿಗಳಿಂದ ಆ ಅಸೆಂಬ್ಲಿ ಕೋಡನ್ನ ಹೊರತೆಗೆದು ಗಿಟ್‌ಹಬ್‌ಗೆ ಹಾಕಿದ್ದಾರೆ. ರಜಾದಿನ ಕೂತು ಓದಿ.

ಇನ್ನು ಖಳನ ವಿಚಾರ. ಜಾಫರ್ ಅನ್ನೋ ವಜೀರ ಅರಮನೆ ಹಿಡಿದು, ರಾಜಕುಮಾರಿಗೆ ಒಂದು ಗಂಟೆ ಗಡುವು ಕೊಟ್ಟು, ಅವಳು ಮೆಚ್ಚಿದವನನ್ನ ಕತ್ತಲಕೋಣೆಗೆ ತಳ್ಳಿದ್ದಾನೆ. ಚರಿತ್ರೆಯ ಜಾಫರ್ ಬಗ್ದಾದಿನ ಖಲೀಫ ಹಾರೂನ್ ಅಲ್ ರಶೀದನ ಆಸ್ಥಾನದ ಬರ್ಮಕಿ ಮನೆತನದವನು. 803ರಲ್ಲಿ ಖಲೀಫನೇ ಅವನ ತಲೆ ತೆಗೆಸಿದ. ‘ಅರೇಬಿಯನ್ ನೈಟ್ಸ್’ ಕಥೆಗಳಲ್ಲಿ ಅವನು ಖಲೀಫನ ಜೊತೆ ವೇಷ ಮರೆಸಿಕೊಂಡು ರಾತ್ರಿ ಊರು ಸುತ್ತೋ ಒಳ್ಳೇ ಮಂತ್ರಿ. ಹಾಗಾದರೆ ಅವನನ್ನ ಖಳ ಮಾಡಿದ್ದು ಯಾರು?

1940ರ ‘ದಿ ಥೀಫ್ ಆಫ್ ಬಗ್ದಾದ್’ ಸಿನಿಮಾ. ಅದರಲ್ಲಿ ಜಾಫರ್ ಮಾಂತ್ರಿಕ ವಜೀರ, ಅವನ ಕಣ್ಣು ರಾಜಕುಮಾರಿ ಮೇಲೆ. ದೊರೆ ಅಹ್ಮದ್‌ನನ್ನ ಸೆರೆಗೆ ಹಾಕಿಸ್ತಾನೆ, ಅಲ್ಲಿ ದೊರೆಗೆ ಅಬು ಅನ್ನೋ ಕಳ್ಳಹುಡುಗ ಸಿಗ್ತಾನೆ. ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಹಂಗೇರಿಯವರು. ಜಾಫರ್ ಪಾತ್ರದ ಕಾನ್ರಾಡ್ ವೈಟ್ ನಾಜಿಗಳ ಕಾಲಕ್ಕೆ ಜರ್ಮನಿ ಬಿಟ್ಟವರು. ಲಂಡನ್ನಿನಲ್ಲಿ ಶುರುವಾದ ಶೂಟಿಂಗ್ ಯುದ್ಧದಿಂದಾಗಿ ಅಮೆರಿಕದಲ್ಲಿ ಮುಗೀತು. ಒಟ್ಟಿನಲ್ಲಿ ಊರು ಬಿಟ್ಟವರೇ ಸೇರಿ ಮಾಡಿದ ಸಿನಿಮಾ.

ಇನ್ನು ಅಬು. ಆ ಪಾತ್ರ ಮಾಡಿದ ಸಾಬು ಹುಟ್ಟಿದ್ದು 1924ರಲ್ಲಿ, ಮೈಸೂರು ಸಂಸ್ಥಾನದ ಕಾರಾಪುರದಲ್ಲಿ. ಕಬಿನಿ ಸಫಾರಿಗೆ ಹೋದವರು ನೋಡಿರ್ತೀರಿ, ಎಚ್.ಡಿ. ಕೋಟೆ ಕಡೆಯ ಅದೇ ಕಾರಾಪುರ. ಮಾವುತನ ಮಗ, ಅಪ್ಪನನ್ನ ಬೇಗ ಕಳಕೊಂಡವನು. ಕಿಪ್ಲಿಂಗ್ ಕಥೆಯೊಂದನ್ನ ಸಿನಿಮಾ ಮಾಡೋಕೆ ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿ ಅವನನ್ನ ಆರಿಸಿಕೊಂಡರು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು, ಹುಡುಗ ಲಂಡನ್ ಸೇರಿದ, ಆಮೇಲೆ ಹಾಲಿವುಡ್.

ಈಗ ಗೇಮ್ ಮತ್ತು ಸಿನಿಮಾ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗೇಮಿನ ನಾಯಕನಿಗೆ ರಾಜಕುಮಾರಿಯ ಪ್ರೀತಿ ಬಂದದ್ದು ಅಹ್ಮದ್‌ನಿಂದ. ಹತ್ತೋದು, ಹಾರೋದು, ನುಸುಳೋದು ಎಲ್ಲ ಅಬು ಮಾಡೋ ಕೆಲಸ. ಸಿನಿಮಾದಲ್ಲಿ ಜೇಡರ ಬಲೆ ಹತ್ತಿ ವಿಗ್ರಹದ ಹಣೆಯ ಕಣ್ಣು ಕದಿಯೋದು ಅವನೇ, ದೊರೆ ಅಲ್ಲ. ಗೇಮಿನಲ್ಲಿ ಇಬ್ಬರೂ ಒಬ್ಬನೇ ಆಗಿ, ಕಳ್ಳಹುಡುಗನ ಹೆಸರು ಅಳಿಸಿಹೋಗಿದೆ. 1992ರ ಡಿಸ್ನಿ ‘ಅಲಾದ್ದೀನ್’ ಬಂದಾಗ ಖಳನ ಹೆಸರು ಮತ್ತೆ ಜಾಫರ್. ಅಬು ಅನ್ನೋ ಹೆಸರು ಮಾತ್ರ ಒಂದು ಕೋತಿಗೆ ಹೋಯ್ತು. ಎಲ್ಲರೂ ನಕ್ಕ ಕೋತಿ ಅದು. ಕಾರಾಪುರದ ಹುಡುಗನ ವಿಷಯ ತಿಳಿದ ಮೇಲೆ ನನಗೆ ಹಾಗೆ ನಗೋಕಾಗಲ್ಲ.

ಸಾಬು 1944ರಲ್ಲಿ ಅಮೆರಿಕದ ಪ್ರಜೆಯಾದರು, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ನರ್ ಆಗಿ ಹೋರಾಡಿ ಪದಕ ಪಡೆದರು. ಯುದ್ಧ ಮುಗಿದ ಮೇಲೆ ದೊಡ್ಡ ಪಾತ್ರಗಳು ಕಡಿಮೆಯಾದವು. 1963ರ ಡಿಸೆಂಬರಲ್ಲಿ ತೀರಿಕೊಂಡಾಗ ವಯಸ್ಸು 39.

‘ಥೀಫ್’ ಸಿನಿಮಾ ಸಿಕ್ಕಿದರೆ ಕೊನೇ ದೃಶ್ಯ ತಪ್ಪಿಸಬೇಡಿ. ಇವನನ್ನ ಓದಿಸಿ ಮುಂದೆ ವಜೀರನನ್ನಾಗಿ ಮಾಡ್ತೀನಿ ಅಂತ ಅಹ್ಮದ್ ಜನರೆದುರು ಘೋಷಣೆ ಮಾಡ್ತಿರುವಾಗಲೇ ಅಬು ಹಾರೋ ಚಾಪೆ ಹತ್ತಿ ಹೊರಟುಬಿಡ್ತಾನೆ.